ಕಾಶಿಯ ಗಲ್ಲಿಯಲ್ಲಿ ಒಂದು 486



ಈ ಸಲದ ಸಂಚಿಕೆಯಲ್ಲಿ ಯುವಜನರ ಪುಟಗಳಿಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಜೊತೆಗೊಂದು ಷರತ್ತನ್ನೂ ಹಾಕಿದರು: ಉಪದೇಶ ಕೂಡದು! ನಮ್ಮ ಪೀಳಿಗೆಯವರಿಗೆ ಉಪದೇಶ ಬಿಟ್ಟು ಬರೆಯಿರಿ ಎಂದರೆ ಒಗ್ಗರಣೆ ಹಾಕದೆ ಸಾರು ಮಾಡಿ ಎಂದ ಹಾಗೆ. ಆದರೂ ಒಪ್ಪಿಕೊಂಡೆ. ನಿಮ್ಮಲ್ಲಿ ಕನ್ನಡವನ್ನು ನಿಧಾನವಾಗಿ ಓದುವವರಿದ್ದರೆ ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಗ್ಗದ ಮಾತು ಬಂದಾಗ ಅವರು ನಿಮಗೆ ಹೇಳಿಕೊಡಲಿ, ಕಂಪ್ಯೂಟರಿನ ಮಾತು ಬಂದಾಗ ನೀವು ಅವರಿಗೆ ಹೇಳಿಕೊಡಿ. ಎರಡೂ ಇಲ್ಲಿ ಬರುತ್ತವೆ.

ಬರೆದದ್ದನ್ನು ಉಳಿಸಲು ನೀವು ಒತ್ತುವ ಆ ಪುಟ್ಟ ಚೌಕದ ಚಿತ್ರವಿದೆಯಲ್ಲ, ಅದು ಫ್ಲಾಪಿ ಡಿಸ್ಕಿನ ಚಿತ್ರ. ನಿಮ್ಮಲ್ಲಿ ಎಷ್ಟು ಜನ ನಿಜವಾದ ಫ್ಲಾಪಿಯನ್ನು ಕೈಯಲ್ಲಿ ಹಿಡಿದಿದ್ದೀರಿ? ಸೋನಿ ಕಂಪನಿಯು ಫ್ಲಾಪಿ ತಯಾರಿಸುವುದನ್ನು 2011ರಲ್ಲೇ ನಿಲ್ಲಿಸಿತು. ನಿಮ್ಮ ಮಟ್ಟಿಗೆ ಅದು ಹಳೆಯ ದೇವಸ್ಥಾನದ ಕಂಬದ ಮೇಲಿನ ಕೆತ್ತನೆಯಂತೆ. ಅರ್ಥ ಗೊತ್ತಿಲ್ಲ, ಬಳಕೆ ತಪ್ಪಿಲ್ಲ. ಆದರೆ ಜಗತ್ತಿನಲ್ಲಿ ಎಷ್ಟೋ ಯಂತ್ರಗಳು ಇಂಥ ಹಳೆಯ ಸಾಮಾನನ್ನೇ ನಂಬಿಕೊಂಡು ಅನ್ನ ದುಡಿಯುತ್ತಿವೆ. ಅಂಥ ಒಂದನ್ನು ನಾನು ಕಂಡದ್ದು ಕಾಶಿಯಲ್ಲಿ.

ಕಾಶಿ ಎಂದರೆ ನಿಮಗೆ ನೆನಪಾಗುವುದು ಮದುವೆಮನೆಯ ಕಾಶಿಯಾತ್ರೆ ಇರಬೇಕು. ಮದುಮಗ ಛತ್ರಿ ಹಿಡಿದು, ಕೋಲು ಊರಿ, ಹೊಸ ಚಪ್ಪಲಿ ಮೆಟ್ಟಿ ಹತ್ತು ಹೆಜ್ಜೆ ಹೊರಡುತ್ತಾನೆ. ಹೆಣ್ಣಿನ ಕಡೆಯವರು ಬಂದು "ಕಾಶಿ ಆಮೇಲೆ ನೋಡೋಣ, ಈಗ ಮದುವೆ ಮಾಡಿಕೊಳ್ಳಪ್ಪಾ" ಎಂದು ತಿರುಗಿಸಿ ಕರೆತರುತ್ತಾರೆ. ನಾನೂ ಹಾಗೆಯೇ ತಿರುಗಿ ಬಂದವನು. ನಿಜವಾದ ಕಾಶಿಗೆ ಹೋದದ್ದು 2023ರ ಜನವರಿಯಲ್ಲಿ, ಕೆಲಸದಿಂದ ನಿವೃತ್ತನಾದ ಮೇಲೆ, ಹೆಂಡತಿಯ ಜೊತೆಗೆ. ನಮ್ಮ ಚೀಲದಲ್ಲಿ ಗಂಗಾಜಲ ತರಲು ಒಂದು ತಾಮ್ರದ ತಂಬಿಗೆ, ಮಲ್ಲು ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಸೀರೆ.

ಸೀರೆಯ ಕಥೆ ಇಷ್ಟೇ. ನನ್ನ ತಂಗಿಯ ಮಗಳು ನಿಮ್ಮ ಹಾಗೆಯೇ ಇಲ್ಲಿ ಹುಟ್ಟಿ ಬೆಳೆದವಳು. ಆ ವರ್ಷ ಅವಳ ಮದುವೆ ನಿಶ್ಚಯವಾಗಿತ್ತು. 1960ರ ದಶಕದಲ್ಲಿ ಅವಳ ಅಜ್ಜಿ ಕಾಶಿಗೆ ಹೋಗಿದ್ದಾಗ ಕೊಂಡಿದ್ದ ಬನಾರಸ್ ಸೀರೆಯನ್ನೇ ಉಟ್ಟು ಧಾರೆಗೆ ಕೂರಬೇಕೆಂದು ಅವಳ ಆಸೆ. ಆದರೆ ರೇಷ್ಮೆ ಎಷ್ಟೆಂದರೂ ಜೀವವಸ್ತು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ಸೀಳಿತ್ತು, ಸೆರಗು ಮುಟ್ಟಿದರೆ ಪುಡಿಯಾಗುತ್ತಿತ್ತು. "ಮಾಮಾ, ಇದೇ ಡಿಸೈನ್ ಮತ್ತೆ ನೇಯಿಸಿಕೊಂಡು ಬರ್ತೀರಾ?" ಎಂದಳು. ಹೆಣ್ಣುಮಕ್ಕಳು ಹಾಗೆ ಕೇಳಿದರೆ ಸೋದರಮಾವನಾದವನು ಏನು ಹೇಳಬಲ್ಲ?

ವಿಶ್ವನಾಥ ಗಲ್ಲಿಯನ್ನು ನೋಡದವರಿಗೆ ವರ್ಣಿಸುವುದು ಕಷ್ಟ. ಗೋದೌಲಿಯಾ ವೃತ್ತದಿಂದ ದಶಾಶ್ವಮೇಧ ಘಾಟಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ, ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದ ಕಲ್ಲುಹಾಸಿನ ಓಣಿ. ಎರಡೂ ಕಡೆ ಬಳೆ, ರುದ್ರಾಕ್ಷಿ, ಹಿತ್ತಾಳೆ ದೇವರು, ಬಣ್ಣದ ಮರದ ಆಟಿಕೆ, ಸೀರೆ, ಪೇಡಾ. ಮಧ್ಯೆ ಒಂದು ಹಸು. ಅದಕ್ಕೆ ಮಾತ್ರ ಓರೆಯಾಗುವ ಅಭ್ಯಾಸವಿಲ್ಲ. ಈಗಿನ ವಿಶ್ವನಾಥ ಮಂದಿರವನ್ನು ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು 1780ರಲ್ಲಿ. 2021ರ ಡಿಸೆಂಬರಿನಲ್ಲಿ ಹೊಸ ಕಾರಿಡಾರ್ ಉದ್ಘಾಟನೆಯಾಯಿತು. ಅದಕ್ಕಾಗಿ ಸುತ್ತಲಿನ ನೂರಾರು ಕಟ್ಟಡಗಳನ್ನು ತೆಗೆದದ್ದರಿಂದ ಮಂದಿರದಿಂದ ಗಂಗೆಯವರೆಗೆ ಈಗ ವಿಶಾಲ ಅಂಗಳ. ಆದರೆ ಗೋದೌಲಿಯಾ ಕಡೆಯ ಗಲ್ಲಿ ಹಳೆಯ ಇಕ್ಕಟ್ಟಿನಲ್ಲೇ ಉಳಿದಿತ್ತು. ದೇವಸ್ಥಾನದೊಳಗೆ ಮೊಬೈಲ್ ಬಿಡುವುದಿಲ್ಲವಾದ್ದರಿಂದ ಪ್ರತಿ ಅಂಗಡಿಯವನೂ "ಲಾಕರ್ ಉಚಿತ!" ಎಂದು ಕೂಗುತ್ತಾನೆ. ಉಚಿತವೇನೋ ಹೌದು, ಆದರೆ ದರ್ಶನ ಮುಗಿಸಿ ಫೋನು ಬಿಡಿಸಿಕೊಳ್ಳಲು ಬಂದವರು ಬರಿಗೈಯಲ್ಲಿ ಹೋಗುವುದುಂಟೇ?

ನಾವು ಫೋನು ಇಟ್ಟದ್ದು ಒಂದು ಸೀರೆ ಅಂಗಡಿಯಲ್ಲಿ. ಯಜಮಾನರು ನನ್ನ ಹೆಂಡತಿಯ ಮೂಗುತಿ ನೋಡಿಯೋ ಏನೋ, "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎಂದು ಶುದ್ಧ ಕನ್ನಡದಲ್ಲಿ ಕರೆದರು. ಅವರ ಕನ್ನಡ ಅಲ್ಲಿಗೆ ಮುಗಿಯಿತು, ಆಮೇಲಿನದೆಲ್ಲ ಹಿಂದಿ. ಬಿಳಿ ಗಾದಿಯ ಮೇಲೆ ಅಜ್ಜಿಯ ಸೀರೆ ಬಿಚ್ಚಿದೆವು. ಅವರು ಮಾತಾಡುವುದನ್ನು ನಿಲ್ಲಿಸಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹಿಂಬದಿ ತಿರುಗಿಸಿ ನೋಡಿ, "ಪ್ರತಿ ಹೂವನ್ನೂ ಬೇರೆ ಬೇರೆಯಾಗಿ ಕೈಯಲ್ಲಿ ಹಾಕಿದ್ದಾರೆ. ಹಿಂದೆ ಒಂದು ಎಳೆಯೂ ಜೋತುಬಿದ್ದಿಲ್ಲ. ನೇಯಬಹುದು. ಆದರೆ ಈಗಲ್ಲ" ಎಂದರು.

ಏಕೆ ಎಂದು ಕೇಳಿದೆ.

"ಪತ್ತಾ ಹೊಡೆಯುವವನ ಕಂಪ್ಯೂಟರಿಗೆ ಕಾಯಿಲೆ. ಹದಿನೈದು ದಿನವಾಯಿತು. ಅವನ ಪತ್ತಾ ನಂಬಿಕೊಂಡ ಮಗ್ಗಗಳೆಲ್ಲ ಖಾಲಿ ಕೂತಿವೆ."

ಕಾಯಿಲೆ ಬಿದ್ದ ಕಂಪ್ಯೂಟರ್ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ನಾನು ಈ ದೇಶಕ್ಕೆ ಬರುವ ಮುಂಚೆ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಕಂಟ್ರೋಲು ರಿಪೇರಿ ಮಾಡುತ್ತಿದ್ದವನು. ಆಗ ಲೋಹ ಕೊರೆಯುವ ಯಂತ್ರಗಳಿಗೆ ಕೆಲಸ ಹೇಳಿಕೊಡುತ್ತಿದ್ದುದು ಒಂದು ಅಂಗುಲ ಅಗಲದ ಕಾಗದದ ಪಟ್ಟಿ. ಅಡ್ಡಡ್ಡಕ್ಕೆ ಎಂಟು ತೂತಿನ ಜಾಗ. ಪಟ್ಟಿ ಹರಿದರೆ ಅಂಟು ಹಚ್ಚಿ, ತೂತನ್ನು ಸೂಜಿಯಿಂದ ಸರಿಮಾಡಿ ಮತ್ತೆ ಓಡಿಸುತ್ತಿದ್ದೆವು. ತೂತಿನ ಭಾಷೆ ನನಗೆ ಬರುತ್ತದೆ. "ಒಂದು ಸಲ ನೋಡಬಹುದೇ?" ಎಂದೆ. ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನೇಕಾರರ ಮೊಹಲ್ಲಾ ಮದನಪುರಾ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಓಣಿಗಳ ಒಳಗೆ ಹೋದಂತೆ ಮನೆ ಮನೆಯಿಂದ ಮಗ್ಗದ ಸದ್ದು. ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕೂತು ನೇಯುತ್ತಾರೆ. ನೇಕಾರನ ತಲೆಯ ಮೇಲೆ, ಅಟ್ಟದಿಂದ ತೂಗುಬಿಟ್ಟ ಹಾಗೆ, ರಟ್ಟಿನ ಕಾರ್ಡುಗಳ ಮಾಲೆ. ಆ ಒಂದೊಂದು ಕಾರ್ಡೂ ಅಲ್ಲಿ 'ಪತ್ತಾ', ಅಂದರೆ ಎಲೆ.

ಇದೇ ಜಕಾರ್ಡ್. ನಿಮ್ಮಲ್ಲಿ ಬಹಳ ಮಂದಿ ಕಂಪ್ಯೂಟರ್ ಸೈನ್ಸ್ ಓದುವವರಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. (ಯಾವುದಾದರೂ ಒಂದು ಸಂಗತಿ ಬಾಳಿನಲ್ಲಿ ಬೆರೆತುಹೋಗಿದ್ದರೆ 'ಹಾಸುಹೊಕ್ಕಾಗಿದೆ' ಎನ್ನುತ್ತೇವಲ್ಲ, ಆ ಮಾತು ಬಂದದ್ದು ಇಲ್ಲಿಂದಲೇ.) ಹೂವು ಮೂಡಬೇಕಾದರೆ ಪ್ರತಿ ಹೊಕ್ಕಿಗೂ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಯಾರಾದರೂ ಹೇಳಬೇಕು. ಜಕಾರ್ಡಿನಲ್ಲಿ ಅದನ್ನು ಹೇಳುವುದು ಕಾರ್ಡು. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುತ್ತದೆ, ಎಳೆ ಏಳುವುದಿಲ್ಲ. ಇದೆ, ಇಲ್ಲ. ಒಂದು, ಸೊನ್ನೆ. ಒಂದು ಹೊಕ್ಕಿಗೆ ಒಂದು ಕಾರ್ಡು, ಕಾಲು ಒತ್ತಿದರೆ ಮುಂದಿನ ಕಾರ್ಡು. ಸಣ್ಣ ಬುಟ್ಟಾಕ್ಕೆ ಕೆಲವೇ ಕಾರ್ಡು ಸಾಕು. ದೊಡ್ಡ ಸೆರಗಿಗೆ ಸಾವಿರಗಟ್ಟಲೆ.

ಫ್ರಾನ್ಸಿನ ಲಿಯೋಂ ನಗರದಲ್ಲಿ ಜೋಸೆಫ್ ಮಾರಿ ಜಕಾರ್ಡ್ ಈ ಯಂತ್ರವನ್ನು ರೂಪಿಸಿದ್ದು 1804ರಲ್ಲಿ. ಅವನೊಬ್ಬನದೇ ಬುದ್ಧಿಯಲ್ಲ, 1725ರಲ್ಲೇ ಬಾಸಿಲ್ ಬುಶೋಂ ಎಂಬವನು ತೂತು ಹೊಡೆದ ಕಾಗದದ ಸುರುಳಿಯಿಂದ ಎಳೆ ಎತ್ತಿಸಿದ್ದ. 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕ ಮಾಡುವ ಯಂತ್ರದ ಕನಸು ಕಂಡಾಗ, ಅದಕ್ಕೆ ಲೆಕ್ಕ ಹೇಳಿಕೊಡಲು ಅವನು ಆರಿಸಿದ್ದು ಇದೇ ಕಾರ್ಡುಗಳನ್ನು. ಸುಮಾರು 24,000 ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಅವನ ಬಳಿ ಇತ್ತು. ನೋಡಿದವರು ಅಚ್ಚು ಹೊಡೆದ ಚಿತ್ರ ಎಂದುಕೊಳ್ಳುತ್ತಿದ್ದರಂತೆ. ಏಡಾ ಲವ್‌ಲೇಸ್ 1843ರಲ್ಲಿ ಬರೆದ ಟಿಪ್ಪಣಿಗಳಲ್ಲಿ ಬ್ಯಾಬೇಜನ ಯಂತ್ರವನ್ನು ಜಕಾರ್ಡ್ ಮಗ್ಗಕ್ಕೆ ಹೋಲಿಸಿದಳು. ಆಮೇಲೆ ಹರ್ಮನ್ ಹಾಲರಿತ್ 1890ರ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡಿನಿಂದಲೇ ಎಣಿಸಿದ. ಅವನ ಕಂಪನಿ ಬೇರೆಯವುಗಳ ಜೊತೆ ಸೇರಿ ಬೆಳೆದು 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಶಾಲೆಯಿಂದ ನಿಮ್ಮನ್ನು ಕರೆದುಕೊಂಡು ಹೋಗಿದ್ದರೆ, ಸ್ವಯಂಸೇವಕರು ಜೀವ ಕೊಟ್ಟು ನಿಲ್ಲಿಸಿದ ಐಬಿಎಂ 1401 ಯಂತ್ರವು ಕಾರ್ಡು ನುಂಗುವುದನ್ನು ನೀವು ನೋಡಿರಬಹುದು. ಅಲ್ಲಿ ಗಾಜಿನ ಮನೆಯಲ್ಲಿ ಇಟ್ಟಿರುವುದು ಮದನಪುರಾದಲ್ಲಿ ದಿನದ ಕೂಲಿ ತರುತ್ತದೆ.

ಜಕಾರ್ಡ್ ಬರುವ ಮುಂಚೆ ಬನಾರಸಿನಲ್ಲಿ ಹೂವು ಮೂಡುತ್ತಿರಲಿಲ್ಲವೇ? ಮೂಡುತ್ತಿತ್ತು. ಆಗ ನಕ್ಷಾಬಂದರು ಎಂಬ ಕುಶಲಿಗಳು ವಿನ್ಯಾಸವನ್ನು ದಾರದ ಗಂಟುಗಳಲ್ಲಿ ಕಟ್ಟಿಡುತ್ತಿದ್ದರು. ಆ ದಾರದ ಬಲೆಗೆ 'ಜಾಲಾ' ಎಂದು ಹೆಸರು. ನೇಕಾರ ನೇಯುತ್ತಿದ್ದರೆ ಸಹಾಯಕ ಹುಡುಗನೊಬ್ಬ ಒಂದೊಂದೇ ದಾರ ಎಳೆದು ಹಾಸಿನ ಎಳೆ ಎತ್ತಿಸುತ್ತಿದ್ದ. ದಾರದಲ್ಲಿದ್ದ ನೆನಪು ರಟ್ಟಿಗೆ ಬಂತು, ರಟ್ಟಿನಿಂದ ಡಿಸ್ಕಿಗೆ ಬಂತು. ಬೋನಸ್ ಎಂಬ ಇಂಗ್ಲಿಷ್ ಕಂಪನಿ ಕಾರ್ಡೇ ಇಲ್ಲದ ಎಲೆಕ್ಟ್ರಾನಿಕ್ ಜಕಾರ್ಡನ್ನು 1983ರಲ್ಲಿ ತೋರಿಸಿತು. ಅದಾದ ಮೇಲೆ ದೊಡ್ಡ ಕಾರ್ಖಾನೆಗಳಲ್ಲಿ ರಟ್ಟು ಮಾಯವಾಗುತ್ತ ಬಂತು. ಮನೆಯೊಳಗಿನ ಕೈಮಗ್ಗ ಅಷ್ಟು ಬೇಗ ಬದಲಾಗುವುದಿಲ್ಲ. ಅಲ್ಲಿ ಆದ ಬದಲಾವಣೆ ಒಂದೇ: ಕೈಯಲ್ಲಿ ತೂತು ಹೊಡೆಯುವ ಬದಲು ಕಂಪ್ಯೂಟರಿಗೆ ಜೋಡಿಸಿದ ಯಂತ್ರದಿಂದ ಹೊಡೆಸುವುದು.

ಈಗ ನಮ್ಮ ರೋಗಿಯ ಬಳಿಗೆ ಬರೋಣ.

ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಮೂವತ್ತು ದಾಟದ ತರುಣ. ಅವನ ಅಬ್ಬಾ ಈ ಯಂತ್ರ ತಂದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ 786, ಅದರ ಕೆಳಗೆ ಸೀಮೆಸುಣ್ಣದಲ್ಲಿ ಮೂರು ಸಂಖ್ಯೆ: 826, 16, 63. ಮೂಲೆಯಲ್ಲಿ ಕಾರ್ಡು ಹೊಡೆಯುವ ಕಬ್ಬಿಣದ ಯಂತ್ರ, ಪಕ್ಕದಲ್ಲಿ ಹಳದಿಗಟ್ಟಿದ ಕಂಪ್ಯೂಟರ್. ಮುಚ್ಚಳ ತೆಗೆದರೆ 486! ನಿಮ್ಮಲ್ಲಿ ಬಹಳ ಮಂದಿ ಹುಟ್ಟುವ ಮುಂಚಿನದು.

ಆ ಮೂರು ಸಂಖ್ಯೆ ನೋಡಿದ ಕೂಡಲೇ ನನಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಆ ಕಾಲದ ಕಂಪ್ಯೂಟರಿಗೆ ತನ್ನ ಹಾರ್ಡ್ ಡಿಸ್ಕು ಎಂಥದು ಎಂದು ತಾನಾಗಿ ತಿಳಿಯುತ್ತಿರಲಿಲ್ಲ. ಇಷ್ಟು ಸಿಲಿಂಡರು, ಇಷ್ಟು ಹೆಡ್ಡು, ಇಷ್ಟು ಸೆಕ್ಟರು ಎಂದು ನಾವೇ ಹೇಳಬೇಕು. ಮದರ್‌ಬೋರ್ಡಿನ ಮೇಲಿನ ಚಿಕ್ಕ ಬ್ಯಾಟರಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಬ್ಯಾಟರಿ ಸತ್ತರೆ ನೆನಪೂ ಸತ್ತಿತು. ಅಬ್ಬಾ ಪ್ರತಿದಿನ ಬೆಳಿಗ್ಗೆ ಗೋಡೆ ನೋಡಿ ಆ ಮೂರು ಸಂಖ್ಯೆ ಒತ್ತಿ ಕೆಲಸ ಶುರುಮಾಡುತ್ತಿದ್ದರಂತೆ. ಮಗನೂ ಹಾಗೆಯೇ ಮಾಡುತ್ತ ಬಂದಿದ್ದ. "ಚಾಚಾ, ಈ ಸಂಖ್ಯೆ ಏನೆಂದು ನನಗೆ ಗೊತ್ತಿಲ್ಲ. ಒತ್ತಿದರೆ ಏಳುತ್ತದೆ ಎಂದಷ್ಟೇ ಗೊತ್ತು. ಹದಿನೈದು ದಿನದಿಂದ ಒತ್ತಿದರೂ ಏಳುತ್ತಿಲ್ಲ" ಎಂದ.

ಹೊಸ ಲ್ಯಾಪ್‌ಟಾಪ್ ತಂದು ಜೋಡಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ನನ್ನ ಸೊಸೆಯೂ ಕೇಳಿದಳು. ಕಾರ್ಡು ಹೊಡೆಯುವ ಯಂತ್ರಕ್ಕೆ ಆಜ್ಞೆ ಕೊಡುವುದು ಕಂಪ್ಯೂಟರಿನೊಳಗಿನ ಒಂದು ಹಸಿರು ಹಲಗೆ. ಅದು ಕೂರುವುದು ಐಎಸ್ಎ ಎಂಬ ಉದ್ದನೆಯ ಕಪ್ಪು ಸ್ಲಾಟಿನಲ್ಲಿ. ಆ ಸ್ಲಾಟು ಮಾಮೂಲಿ ಕಂಪ್ಯೂಟರುಗಳಿಂದ ಮಾಯವಾಗಿ ಎರಡು ದಶಕ ದಾಟಿದೆ. ಸಾಫ್ಟ್‌ವೇರ್ ಡಾಸ್ ಕಾಲದ್ದು, ನಡುವೆ ಯಾರಿಗೂ ಹೇಳದೆ ನೇರವಾಗಿ ಆ ಹಲಗೆಯ ಜೊತೆ ಮಾತಾಡುತ್ತದೆ. ಇಂದಿನ ವಿಂಡೋಸ್ ಹಾಗೆ ಹಿತ್ತಿಲ ಬಾಗಿಲಿನಿಂದ ಬರುವವರನ್ನು ಒಳಗೆ ಬಿಡುವುದಿಲ್ಲ. ಕಳ್ಳಪ್ರತಿ ಮಾಡಬಾರದೆಂದು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಒಂದು ಬೀಗದ ತುಂಡು ಬೇರೆ. ಅದಿಲ್ಲದೆ ಪ್ರೋಗ್ರಾಂ ಬಾಯಿ ಬಿಡುವುದಿಲ್ಲ. ಅದನ್ನು ಮಾರಿದ ಕಂಪನಿಯ ಫೋನು ಈಗ ಎತ್ತುವವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಬ್ಬಾ ಇಪ್ಪತ್ತೈದು ವರ್ಷ ಕೂತು ಬಿಡಿಸಿದ ನೂರಾರು ವಿನ್ಯಾಸಗಳು ಆ ಡಿಸ್ಕಿನಲ್ಲಿ, ಬೇರೆ ಯಾವ ಪ್ರೋಗ್ರಾಮಿಗೂ ಓದಲು ಬಾರದ ರೂಪದಲ್ಲಿದ್ದವು. ಹೊಸ ಯಂತ್ರದ ಬೆಲೆಯನ್ನು ಅವನು ವಿಚಾರಿಸಿದ್ದ. ಅಷ್ಟು ಸಾಲ ಮಾಡುವುದಕ್ಕಿಂತ ಸೂರತ್ತಿಗೆ ಹೋಗಿ ಪವರ್‌ಲೂಮ್ ಕಾರ್ಖಾನೆಯಲ್ಲಿ ಸಂಬಳಕ್ಕೆ ಸೇರುವುದೇ ವಾಸಿ ಎಂದು ಮನೆಯಲ್ಲಿ ಮಾತು ನಡೆದಿತ್ತು. ಮಗ್ಗ ಬಿಟ್ಟು ಸೂರತ್ತಿನ ರೈಲು ಹತ್ತಿದವರು ಆ ಓಣಿಯಲ್ಲಿ ಮನೆಗೊಬ್ಬರಿದ್ದರು.

ಇಂಥದ್ದನ್ನು 'ಪರಂಪರೆಯ ಸಂರಕ್ಷಣೆ' ಎಂದು ಕರೆದು ಹಾರ ಹಾಕುವವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ. ಬನಾರಸ್ ಸೀರೆಗೆ 2009ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು, ಸಂತೋಷ. ಆ ಹುಡುಗ 486 ಇಟ್ಟುಕೊಂಡದ್ದು ಹಳೆಯದರ ಮೇಲಿನ ಮೋಹದಿಂದಲ್ಲ. ಅದು ನಿಂತರೆ ಅವನೂ, ಅವನ ಕಾರ್ಡು ಕಾಯುವ ಹತ್ತು ಹದಿನೈದು ಮಗ್ಗದ ಮನೆಗಳೂ ನಿಲ್ಲುತ್ತವೆ, ಅಷ್ಟೇ.

ಬಡವರ ಪಾಡು ಎಂದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂನಿ ಮೆಟ್ರೋ ಗೊತ್ತಲ್ಲ? ಸುರಂಗದಲ್ಲಿ ಅದರ ರೈಲುಗಳನ್ನು ನಡೆಸಲು 1998ರಲ್ಲಿ ಬಂದ ವ್ಯವಸ್ಥೆ ಕೆಲಸ ಶುರುಮಾಡುತ್ತಿದ್ದುದು ಐದೂಕಾಲು ಅಂಗುಲದ ಫ್ಲಾಪಿಯಿಂದ! ಅದನ್ನು ಬದಲಿಸಲು ಹಿಟಾಚಿ ರೈಲ್ ಕಂಪನಿಗೆ 212 ಮಿಲಿಯನ್ ಡಾಲರಿನ ಗುತ್ತಿಗೆ ಒಪ್ಪಿಗೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಮೆರಿಕದ ಅಣ್ವಸ್ತ್ರ ಪಡೆಯ ಒಂದು ಸಂದೇಶ ವ್ಯವಸ್ಥೆ ಎಂಟು ಅಂಗುಲದ ಫ್ಲಾಪಿ ಬಿಟ್ಟದ್ದು 2019ರಲ್ಲಿ. ಅವರಿಗೆ ಮಿಲಿಯನ್ ಡಾಲರ್ ಇತ್ತು, ಇವನಿಗೆ ಸೀಮೆಸುಣ್ಣ.

ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಾಯಿಲೆ ಕಣ್ಣಿಗೇ ಕಾಣುತ್ತಿತ್ತು. ಆ ಕಾಲದ ಬೋರ್ಡುಗಳ ಮೇಲೆ ಪೀಪಾಯಿಯಂಥ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಮುದಿಯಾದ ಮೇಲೆ ಅದು ಸೋರುತ್ತದೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಹಸಿರು ಪಾಚಿಯಂತೆ ಹಬ್ಬಿತ್ತು. ಬ್ಯಾಟರಿ ಕತ್ತರಿಸಿ ತೆಗೆದೆ. ಕ್ಷಾರಕ್ಕೆ ಮದ್ದು ಹುಳಿ. ಕೆಳಗಿನ ಚಾಟ್ ಗಾಡಿಯಿಂದ ನಿಂಬೆಹಣ್ಣು ತರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಕಡಿದುಹೋದ ಎರಡು ಗೆರೆಗಳಿಗೆ ಕೂದಲಿನಂಥ ತಂತಿಯನ್ನು ಬೆಸುಗೆ ಹಾಕಬೇಕು. ನನ್ನ ಕೈ ಈಗ ನಡುಗುತ್ತದೆ. ಹುಡುಗ "ಕೊಡಿ ಚಾಚಾ" ಎಂದು ಕಬ್ಬಿಣ ತೆಗೆದುಕೊಂಡ. ಜನ್ಮದಲ್ಲಿ ಬೆಸುಗೆ ಹಿಡಿಯದವನು. ಆದರೆ ಹರಿದ ರೇಷ್ಮೆ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಗಂಟು ಕಾಣದಂತೆ ಕೂಡಿಸುವ ಮನೆತನದವನು. ಎರಡೇ ನಿಮಿಷ!

ಯಂತ್ರ ಎದ್ದಿತು. ಗೋಡೆಯ ಸಂಖ್ಯೆ ಒತ್ತಿದೆವು. ಡಿಸ್ಕು ಟಕ್ ಟಕ್ ಎಂದಿತು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಹೊರಡುವ ಮುಂಚಿನ ಕೆಮ್ಮು. 420 ಎಂಬಿಯ ಡಿಸ್ಕು. ನಿಮ್ಮ ಫೋನಿನಲ್ಲಿ ತೆಗೆದ ಒಂದು ಹುಟ್ಟುಹಬ್ಬದ ವಿಡಿಯೋ ಅದಕ್ಕಿಂತ ದೊಡ್ಡದಿರಬಹುದು. ಅದರಲ್ಲಿ ಒಬ್ಬ ಮನುಷ್ಯನ ಇಪ್ಪತ್ತೈದು ವರ್ಷ. ಕೂಡಲೇ ನಿಲ್ಲಿಸಿದೆ.

ಆ ರಾತ್ರಿ ಬೆಂಗಳೂರಿನ ಅಣ್ಣನ ಮಗನಿಗೆ ಫೋನು ಮಾಡಿ, ಬೆಳಗಾದರೆ ಎಸ್.ಪಿ. ರೋಡಿಗೆ ಹೋಗು ಎಂದೆ. ಟೌನ್ ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆಯನ್ನು ನೀವು ಬೆಂಗಳೂರಿಗೆ ಹೋದಾಗ ತಪ್ಪದೆ ನೋಡಬೇಕು. ಕಂಪ್ಯೂಟರಿನ ಯಾವ ಅಂಗ ಬೇಕಾದರೂ ಅಲ್ಲಿ ಸಿಗುತ್ತದೆ, ಹಳೆಯದನ್ನು ಕೇಳಿದರೆ ಅಂಗಡಿಯವನು ನಿಮ್ಮನ್ನೊಮ್ಮೆ ನೋಡಿ ಅಟ್ಟ ಹತ್ತುತ್ತಾನೆ. ಹಳೆಯ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ತಂತಿ, ಕ್ಯಾಮೆರಾದಲ್ಲಿ ಹಾಕುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಎರಡು, ಅದನ್ನು ಹಾರ್ಡ್ ಡಿಸ್ಕಿನ ಜಾಗದಲ್ಲಿ ಕೂರಿಸುವ ಪುಟ್ಟ ಹಲಗೆ, ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಹಳೆಯ ಡಿಸ್ಕಿನ ಭಾಷೆಯನ್ನೇ ಆಡುತ್ತದೆ, ಹಾಗಾಗಿ ಮುದಿ ಕಂಪ್ಯೂಟರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೊರಿಯರ್ ಬರಲು ನಾಲ್ಕು ದಿನವಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಕಾಶಿಯ ದೇವಸ್ಥಾನಗಳನ್ನೆಲ್ಲ ನೋಡಿ, ಹನುಮಾನ್ ಘಾಟಿನ ಕಡೆ ಕನ್ನಡದವರ ಗುಂಪೊಂದನ್ನು ಕಂಡುಹಿಡಿದು ಉಪ್ಪಿಟ್ಟೂ ತಿಂದು ಬಂದಳು.

ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಒಂದೊಂದೇ ಸೆಕ್ಟರನ್ನು ನಕಲು ಮಾಡಲು ಬಿಟ್ಟೆವು. ಓದಲಾಗದ ಕಡೆ ಮತ್ತೆ, ಮತ್ತೆ. ಸಂಜೆ ಶುರುವಾದದ್ದು ಬೆಳಗಿನ ಅಜಾನ್ ಹೊತ್ತಿಗೆ ಮುಗಿಯಿತು. ಅವನ ಅಮ್ಮೀ ನಡುನಡುವೆ ಚಹಾ ಕೊಟ್ಟು, ಏನೂ ಕೇಳದೆ, ಬಾಗಿಲಲ್ಲೇ ನಿಂತಿರುತ್ತಿದ್ದರು. ಎರಡು ವಿನ್ಯಾಸಗಳು ಮಾತ್ರ ಬರಲಿಲ್ಲ, ಉಳಿದವೆಲ್ಲ ಬಂದವು.

ಆ ಎರಡಕ್ಕಾಗಿ ನಾನು ಪೇಚಾಡುತ್ತಿದ್ದರೆ ಹುಡುಗ ನಿಶ್ಚಿಂತೆಯಾಗಿದ್ದ. "ಇದರ ಪತ್ತಾ ಲಲ್ಲಾಪುರಾದಲ್ಲಿ ಒಬ್ಬರ ಮಗ್ಗದ ಮೇಲಿದೆ, ಅದರದ್ದು ಇನ್ನೊಬ್ಬರ ಅಟ್ಟದಲ್ಲಿ" ಎಂದ. ತೂತು ನೋಡಿ ನೋಡಿ ಮತ್ತೆ ಕಂಪ್ಯೂಟರಿಗೆ ತುಂಬುತ್ತಾನಂತೆ. ಡಿಸ್ಕು ಮರೆತದ್ದನ್ನು ರಟ್ಟು ಮರೆತಿರಲಿಲ್ಲ! ನಾವು ಬ್ಯಾಕಪ್ ಬ್ಯಾಕಪ್ ಎಂದು ಬಡಿದುಕೊಳ್ಳುತ್ತೇವಲ್ಲ, ಅದು ಅವನ ತಲೆಯ ಮೇಲೆ ನೇತಾಡುತ್ತಿತ್ತು.

ನಮ್ಮ ಅಜ್ಜಿಯ ಸೀರೆಗೆ ಫೈಲೂ ಇರಲಿಲ್ಲ, ಪತ್ತಾನೂ ಇರಲಿಲ್ಲ. ಉಳಿದದ್ದು ಬಟ್ಟೆ ಒಂದೇ. ಅವನು ಸೆರಗನ್ನು ಗಾಜಿನ ಕೆಳಗೆ ಹರಡಿ, ಎಳೆ ಎಣಿಸುವ ಭೂತಗನ್ನಡಿ ಇಟ್ಟು ಓದಲು ಕೂತ. 'ಓದುವುದು' ಎಂದೇ ಅವನು ಹೇಳಿದ್ದು. ಒಂದು ಹೊಕ್ಕು, ಯಾವ ಎಳೆ ಮೇಲೆ, ಯಾವುದು ಕೆಳಗೆ. ಪರದೆಯ ಮೇಲೆ ಒಂದು ಸಾಲು ಚೌಕ. ಸೀಳಿಹೋದ ಕಡೆ ಪಕ್ಕದ ಹೂವಿನಿಂದ ಊಹಿಸುವುದು. ಹನ್ನೊಂದು ದಿನ ಓದಿದನಂತೆ. ನಾವು ಆ ವೇಳೆಗೆ ಊರು ಬಿಟ್ಟಿದ್ದೆವು. ಕಾರ್ಡು ಹೊಡೆದದ್ದು ಫೆಬ್ರವರಿಯಲ್ಲಿ, ಮಗ್ಗಕ್ಕೆ ಏರಿಸಿದ್ದು ಮಾರ್ಚಿನಲ್ಲಿ. ನೂಲು ಬೆಂಗಳೂರಿನ ಕಡೆಯದು ಎಂದು ಅವನು ಹೇಳಿದಾಗ ನನ್ನ ಹೆಂಡತಿಗೆ ಆದ ಹೆಮ್ಮೆ ನೋಡಬೇಕಿತ್ತು. ನಮ್ಮ ರಾಮನಗರದ ಮಾರುಕಟ್ಟೆಯಲ್ಲಿ ಗೂಡು, ಗಂಗೆಯ ಆಚೆ ದಡದಲ್ಲಿ ಇನ್ನೊಂದು ರಾಮನಗರ, ಈಚೆ ಮಗ್ಗ. ನೇಕಾರ ಜೇಡರ ದಾಸಿಮಯ್ಯನ ನಾಡಿನ ರೇಷ್ಮೆ ನೇಕಾರ ಕಬೀರನ ಊರಿಗೆ ಹೋಗಿ ಸೀರೆಯಾಗುವುದು ಇವತ್ತು ನಿನ್ನೆಯ ವ್ಯವಹಾರವಲ್ಲ.

ಮದುವೆ ಆಗಸ್ಟಿನಲ್ಲಿ ಆಯಿತು. ನಿಮ್ಮಲ್ಲಿ ಕೆಲವರು ಬಂದಿದ್ದಿರಿ, ಸೀರೆಯನ್ನೂ ನೋಡಿದ್ದೀರಿ. ಸೆರಗಿನ ಬಲ ಮೂಲೆಯಲ್ಲಿ ಒಂದು ಎಲೆ ಉಳಿದವಕ್ಕಿಂತ ಕೊಂಚ ಮೊಂಡಾಗಿದೆ. ಅಲ್ಲಿ ಅಜ್ಜಿಯ ಸೀರೆಯಲ್ಲಿ ತೂತು ಬಿದ್ದಿತ್ತು, ಪಕ್ಕದ ಹೂವಿನಲ್ಲೂ ಅದೇ ಜಾಗ ಸವೆದಿತ್ತು. ಅದು ಆ ಹುಡುಗನ ಸ್ವಂತ ಎಲೆ. ನನ್ನ ಸೊಸೆಗೆ ಇಡೀ ಸೀರೆಯಲ್ಲಿ ಅದೇ ಇಷ್ಟ.

ಅವನು ಸೂರತ್ತಿಗೆ ಹೋಗಲಿಲ್ಲ, ಅವನ ತಮ್ಮ ಹೋದ. 486 ಈಗ ಮೂರು ಪೆನ್ಸಿಲ್ ಸೆಲ್ಲಿನ ಬಲದಲ್ಲಿ ತನ್ನ ಸಂಖ್ಯೆಗಳನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಆದರೂ ಗೋಡೆಯ ಮೇಲಿನ ಸೀಮೆಸುಣ್ಣ ಅಳಿಸಬೇಡ ಎಂದು ಹೇಳಿದ್ದೇನೆ. ಅಳಿಸುವ ಯೋಚನೆ ಅವನಿಗೂ ಇರಲಿಲ್ಲ. ಎರಡನೆಯ ಫ್ಲ್ಯಾಶ್ ಕಾರ್ಡಿನಲ್ಲಿ ಇನ್ನೊಂದು ಪ್ರತಿ ಮಾಡಿ ಅಮ್ಮೀಯ ಒಡವೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಚೌಕಾಘಾಟಿನ ನೇಕಾರರ ಸೇವಾ ಕೇಂದ್ರದಲ್ಲಿ ಹೊಸ ಬಗೆಯ ಡಿಸೈನ್ ಸಾಫ್ಟ್‌ವೇರ್ ಕಲಿಯಲು ಅವನಿಗೆ ಮನಸ್ಸಿದೆ. ಹಗಲು ಹೊತ್ತು ಬಿಡುವಾಗಬೇಕಷ್ಟೇ.

ಕಳೆದ ತಿಂಗಳು ಅವನಿಂದ ಸಂದೇಶ ಬಂತು. ಕಾರ್ಡು ಹೊಡೆಯುವಾಗ ಹದಿನಾಲ್ಕನೆಯ ತೂತು ಆಗಾಗ ತಪ್ಪುತ್ತಿದೆಯಂತೆ. ವಿಡಿಯೋ ನೋಡಿದೆ. ತೂತು ಹೊಡೆಯುವ ಮೊಳೆ ಸರಿಯಾಗಿದೆ, ಆ ಹಸಿರು ಹಲಗೆಯೇ ಸೋಲುತ್ತಿರುವ ಹಾಗೆ ಕಾಣುತ್ತದೆ. ಅದನ್ನು ಕೂರಿಸಿ ಪರೀಕ್ಷಿಸಲು ಇನ್ನೊಂದು ಒಳ್ಳೆಯ ಬೋರ್ಡು ಬೇಕು. ಎಸ್.ಪಿ. ರೋಡಿನ ಅಟ್ಟದಲ್ಲೂ ಈಗ ಸಿಗುತ್ತಿಲ್ಲ. ನಿಮ್ಮ ಮನೆಯ ಗ್ಯಾರೇಜಿನಲ್ಲಿ ಅಪ್ಪ ಎಸೆಯಲು ಮನಸ್ಸು ಬಾರದೆ ಇಟ್ಟ ಹಳೆಯ ಕಂಪ್ಯೂಟರ್ ಇದ್ದರೆ, ಮುಚ್ಚಳ ತೆಗೆದು ಒಮ್ಮೆ ನೋಡಿ. ಬಿಳಿ ಸ್ಲಾಟುಗಳ ಪಕ್ಕದಲ್ಲಿ ಅವಕ್ಕಿಂತ ಉದ್ದನೆಯ ಕಪ್ಪು ಸ್ಲಾಟುಗಳಿದ್ದರೆ ಅದೇ. ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ತನ್ನಿ, ಊಟದ ಸಾಲಿನ ಹತ್ತಿರ ಸಿಗುತ್ತೇನೆ. ಬೇಸಿಗೆಯಲ್ಲಿ ಊರಿಗೆ ಹೊರಟಿದ್ದೇವೆ, ಸೂಟ್‌ಕೇಸಿನಲ್ಲಿ ಜಾಗ ಬಿಟ್ಟಿದ್ದೇನೆ.